ದೊಡ್ಡದು ಮಾಡಿದವಳು

ರನ್ನ ಬೆಳಗಲಿಯ ಪೂನಮ್ ನಮ್ಮ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗಿ ಚೀಟಿ ಕೊಡುತ್ತ ಆರು ಹಂಗಾಮು ಕಳೆದಿದ್ದಳು. ಕುರಿ ಕಾಯುವ ಮನೆತನ. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿದವಳು ಅವಳೊಬ್ಬಳೇ. ಈ ಹಂಗಾಮು ಮುಗಿದರೆ ಕಾಯಂ ಮಾಡುತ್ತೇವೆ ಅಂತ ಮಾತಾಗಿತ್ತು.

ನಮ್ಮ ಮೇಲಿನ ಸಾಹೇಬರು ಸದಾಶಿವರಾಯರು. 'ಬಂದ್' ಅನ್ನುವ ಶಬ್ದ ಕೇಳಿದರೆ ಅವರಿಗೆ ಮೈಯೆಲ್ಲ ಉರಿ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಕಂಪ್ಯೂಟರಿಗೂ ಅದೇ ಕಾಯ್ದೆ. ಮೊದಲ ವರ್ಷ ಪೂನಮ್ ಬಾಯಿ ತಪ್ಪಿದ್ದಕ್ಕೆ ಎಲ್ಲರೆದುರು ಜಾಡಿಸಿದ್ದರು.

"ಅನ್ನಾ ಹಾಕೂ ಮಷಿನ್ನಿಗೆ ಬಂದ್ ಅಂತೀಯೇನಬೇ? ದೊಡ್ಡದ ಮಾಡೂದು ಅನ್ನು."

ಅವಳು ಮತ್ತೆ ಮರೆಯಲಿಲ್ಲ.

ಕಾಟಾದ ಲಿನಕ್ಸ್ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಹೊರಗಿನವರು ತೂಕದಲ್ಲಿ ಕೈ ಆಡಿಸಬಾರದಂತೆ, ಒಳಗಿನವರಿಗೆ ಅಡ್ಡಿಯಿಲ್ಲ! ಈ ಜನವರಿಯಲ್ಲಿ ಅದಕ್ಕೆ ವೈರಸ್ ಹುಡುಕುವ ಸಾಫ್ಟ್‌ವೇರ್ ಪೆನ್‌ಡ್ರೈವಿನಲ್ಲಿ ಬಂತು. ಹಾಕುವವಳು ಪೂನಮ್, ಫೋನಿನಲ್ಲಿ ಹೇಳಿಕೊಡುವವಳು ಮೈಸೂರು ಕಡೆಯ ಎಂಜಿನಿಯರ್ ಕಾವ್ಯ. ಕೆಲಸ ಅರ್ಧಕ್ಕೆ ಬಂದಿತ್ತು.

"ಈಗ ಅದನ್ನ ದೊಡ್ಡದು ಮಾಡಿ," ಅಂದಳು ಕಾವ್ಯ.

"ಈಗ್ಲೇನ್ರಿ? ಇನ್ನೂ ನಡದೈತಲ್ರಿ?"

"ನಡೀತಿರೋವಾಗ್ಲೇ ಮಾಡಿ."

ಕಾವ್ಯಳಿಗೆ ಬೇಕಾಗಿದ್ದದ್ದು ಮೂಲೆಯಲ್ಲಿ ಸಾಲುಗಳು ಓಡುತ್ತಿದ್ದ ಸಣ್ಣ ಕಿಂಡಿ ಸ್ಕ್ರೀನ್ ತುಂಬ ಕಾಣುವುದು. ಪೂನಮ್ ಪವರ್ ಬಟನ್ ಒತ್ತಿ ಹಿಡಿದಳು.

ಯಂತ್ರ ಮತ್ತೆ ಏಳಲಿಲ್ಲ. ಎರಡು ದಿನ ಟ್ರ್ಯಾಕ್ಟರುಗಳು ಮುಧೋಳದ ರಸ್ತೆಯುದ್ದಕ್ಕೂ ನಿಂತವು, ಕಬ್ಬು ಒಣಗಿತು, ರೈತರು ನಮ್ಮ ಅವ್ವ-ಅಪ್ಪಂದಿರನ್ನೆಲ್ಲ ನೆನೆದರು.

ಮ್ಯಾನೇಜರ್ ಅಪ್ಪಾಸಾಬ ಎಲ್ಲರನ್ನೂ ಕರೆಸಿದರು. "ಬಂದ್ ಮಾಡೂದಕ್ಕ ದೊಡ್ಡದ ಮಾಡೂದು ಅನ್ನಾಕ ರಾಯರೇ ಕಲಿಸ್ಯಾರ್ರಿ," ಅಂದಳು ಪೂನಮ್. ರಾಯರು ನಕ್ಕರು.

"ಮಷಿನ್ನಿಗೆ ಯಾರರ ಹಂಗ ಅಂತಾರೇನ್ರಿ? ಕುರಿ ಕಾಯೂರ ಮನಿಯಾಕಿ, ಚಿಮಣಿ ದೀಪಕ್ಕೂ ಕಂಪ್ಯೂಟರಿಗೂ ಫರಕ್ ತಿಳೀಲಿಲ್ಲ."

ಕೋಣೆಯೆಲ್ಲ ನಕ್ಕಿತು. ಅವಳು ನನ್ನ ಕಡೆ ತಿರುಗಿದಳು.

"ಗೌತಮಿ ಅಕ್ಕಾರ, ನೀವರ ಖರೆ ಹೇಳ್ರಿ."

ಆರು ವರ್ಷ ಒಂದೇ ಡಬ್ಬಿಯ ರೊಟ್ಟಿ ತಿಂದವರು ನಾವು. ಆದರೆ ಕಾಯಂ ಆಗಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ಅದಕ್ಕೆ ರಾಯರ ಸಹಿ ಬೇಕಿತ್ತು.

"ನನಗೇನೂ ಗೊತ್ತಿಲ್ರಿ," ಅಂದೆ. ನಾಚಿಕೆಗೆಟ್ಟವಳು ನಾನು.

ಅವತ್ತೇ ಅವಳನ್ನು ತೆಗೆದುಹಾಕಿದರು. ನನ್ನ ಮುಖ ನೋಡದೆ ಡಬ್ಬಿ ಎತ್ತಿಕೊಂಡು ಹೋದಳು.

ಸಂಜೆ ಮನೆಗೆ ಹೊರಟ ರಾಯರು ಚಪ್ಪಲಿ ಮೆಟ್ಟುತ್ತ ಬಾಗಿಲಿನಿಂದಲೇ ಕೂಗಿದರು.

"ಗೌತಮಿ, ಆಫೀಸಿನ ಮಷಿನ್ ದೊಡ್ಡದ ಮಾಡಿ ಬಾರವಾ."

ನಾನು ಹೋಗಿ ಬಟನ್ ಒತ್ತಿದೆ.