ಬಲಗಾಲಿನ ಚಪ್ಪಲಿ ಐದನೇ ಮನೆಯಲ್ಲಿ

ಮಗಳ ಜಾತಕ ಹಿಡಿದುಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ರೈಲು ಹತ್ತಿದಾಗ ನನಗಿದ್ದ ಚಿಂತೆ ಎರಡು. ಮೂರು ಕಡೆ ತಪ್ಪಿಹೋದ ಸಂಬಂಧ ಇಲ್ಲಾದರೂ ಕೂಡೀತೇ ಎಂಬುದು ಒಂದು. ಇನ್ನೊಂದು, ಕಾಲಲ್ಲಿದ್ದ ಹೊಸ ಚಪ್ಪಲಿ. "ಕಳಕೊಂಡು ಬಂದ್ರೆ ಒಳಗೆ ಸೇರಿಸಲ್ಲ ನೋಡಿ" ಎಂದು ಹೆಂಡತಿ ಸ್ಟೇಷನ್ನಿನವರೆಗೂ ಬಂದು ಹೇಳಿದ್ದಳು.

ದುರ್ಗಿಗುಡಿಯ ಆ ಬೀದಿ ಮುತ್ತಜ್ಜಂದಿರ ಕಾಲದ್ದು. ಒಂದೇ ಉದ್ದನೆಯ ಹೆಂಚಿನ ಮಾಡಿನ ಕೆಳಗೆ ಹನ್ನೆರಡು ಮನೆ. ಒಬ್ಬರ ಗೋಡೆಯೇ ಪಕ್ಕದವರಿಗೂ ಗೋಡೆ. ಜಗುಲಿಯಂತೂ ರೈಲ್ವೆ ಪ್ಲಾಟ್‌ಫಾರಂ ಹಾಗೆ ಈ ತುದಿಯಿಂದ ಆ ತುದಿಗೆ. ಇಂಥಲ್ಲಿ ಚಪ್ಪಲಿ ಉಳಿದೀತೇ? ದೇವಸ್ಥಾನದಲ್ಲಿ ಮಾಡುವ ಉಪಾಯವನ್ನೇ ಮಾಡಿದೆ. ಎಡಗಾಲಿನದನ್ನು ಗಂಡಿನ ಮನೆ ಮುಂದೆ ಬಿಟ್ಟೆ, ಬಲಗಾಲಿನದನ್ನು ಐದನೇ ಮನೆ ಮುಂದೆ. ಒಂಟಿ ಚಪ್ಪಲಿ ಕದ್ದು ಕಳ್ಳ ಏನು ಮಾಡಿಯಾನು?

ಒಳಗೆ ಮಾತು ಚೆನ್ನಾಗಿಯೇ ನಡೆದಿತ್ತು. ಗಂಡಿನ ಅಜ್ಜಿ ಜಾತಕ ನೋಡುತ್ತಿದ್ದರು. ಅಷ್ಟರಲ್ಲಿ ಬೀದಿಯಲ್ಲಿ ಗದ್ದಲ. ಐದನೇ ಮನೆಯಾಕೆ ನನ್ನ ಚಪ್ಪಲಿಯನ್ನು ಕೊಡೆಯ ತುದಿಗೆ ಸಿಕ್ಕಿಸಿಕೊಂಡು ಬರುತ್ತಿದ್ದಳು.

"ಯಾರದ್ರೀ ಇದು? ನೆಂಟ್ರು ಬಂದ್ರೂಂತ ಕಾಫಿ ಬೇರೆ ಇಟ್ಟೆ. ಒಳಗೆ ನೋಡಿದ್ರೆ ಯಾರೂ ಇಲ್ಲ! ಅಟ್ಟದ ಮೇಲೂ ಹುಡುಕ್ದೆ!"

"ಒಂಟಿ ಕಾಲಿನೋನು ಅಟ್ಟ ಹೆಂಗೆ ಹತ್ತುತಾನೆ ಮಾರಾಯ್ತಿ?" ಎಂದಳು ಎದುರು ಮನೆಯವಳು.

ನನ್ನದಲ್ಲ ಎಂದರೆ ಚಪ್ಪಲಿ ಹೋಯಿತು. ನನ್ನದು ಎಂದರೆ ಇಂಥ ತಲೆತಿರುಕನ ಮಗಳನ್ನು ಯಾರು ತರುತ್ತಾರೆ? ನಾನು ಲೆಕ್ಕ ಹಾಕುತ್ತಿದ್ದಂತೆ ಅಜ್ಜಿ ಹೊರಗೆ ಹೋಗಿ, ಎಡ ಬಲ ಎರಡನ್ನೂ ಕಾಲಿನಿಂದಲೇ ಜೋಡಿಸಿ, ಒಳಗೆ ಬಂದು ನನ್ನ ಪಾದ ನೋಡಿದರು.

"ನಂದೇ ಅಮ್ಮ," ಎಂದೆ. "ಕಳ್ಳರ ಭಯ..."

"ನಮ್ಮ ಬೀದೀಲಿ ಕಳ್ರಿದಾರೆ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ ಅಂದ್ಕೊಂಡೆ."

ಅಜ್ಜಿ ಜಾತಕ ಮಡಚಿದರು. "ಹೇಳಿ ಕಳಿಸ್ತೀವಿ."

ಹಾಗೆಂದರೆ ಏನರ್ಥ ಎಂದು ಮೂರು ಮನೆಯಲ್ಲಿ ಕೇಳಿ ಬಲ್ಲೆ.

ಆದರೆ ಹದಿನೈದು ದಿನಕ್ಕೆ ಕಾಗದ ಬಂತು. ಭಾನುವಾರ ಹೆಣ್ಣು ನೋಡಲು ಕಾರ್ಖಾನೆಯ ನಮ್ಮ ಕ್ವಾರ್ಟರ್ಸಿಗೆ ಬಂದೇಬಿಟ್ಟರು. ಎಲ್ಲರೂ ಗಂಭೀರವಾಗಿ ಚಾಪೆಯ ಮೇಲೆ ಕೂತರು. ನೀರು ತರಲು ಹೊರಗೆ ಹೋದ ಹೆಂಡತಿ ಬಾಗಿಲಲ್ಲೇ ನಿಂತು ಸನ್ನೆ ಮಾಡಿದಳು. ಹೋಗಿ ನೋಡಿದರೆ ಹೊಸಿಲ ಮುಂದೆ ನಾಲ್ಕು ಚಪ್ಪಲಿ. ನಾಲ್ಕೂ ಎಡಗಾಲಿನವು. ಬಲಗಾಲಿನವು ಸಾಲಿನ ಐದನೇ ಮನೆಯ ಮುಂದೆ ಶಿಸ್ತಾಗಿ ಕೂತಿದ್ದವು.

"ಬೀಗರೇ," ಎಂದು ಒಳಗಿನಿಂದ ಅಜ್ಜಿ ಕೂಗಿದರು, "ನಿಮ್ಮೂರಲ್ಲೂ ಕಳ್ರು ಜಾಸ್ತಿಯಂತಲ್ಲ?"

ಬೀಗರೇ ಎಂದು ಕರೆಸಿಕೊಂಡದ್ದಕ್ಕೆ ನಾನು ಕುಣಿಯಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಐದನೇ ಮನೆಯ ಮುಂದೆ ಒಂದು ನಾಯಿ ಮೂಸುತ್ತ ನಿಂತಿತ್ತು, ನಾನು ಬರಿಗಾಲಲ್ಲಿ ಅದರ ಕಡೆಗೆ ಓಡುತ್ತಿದ್ದೆ.