ಯಾವ ಒಲೆಯವಳು

ಜನಸಂಖ್ಯೆಯ ಲೆಕ್ಕ ಇಡುವ ನಮಗೆ ಕುಟುಂಬ ಅಂದರೆ ಒಲೆ. ಒಂದೇ ಒಲೆಯ ಮೇಲೆ ಬೆಂದದ್ದನ್ನು ಹಂಚಿಕೊಂಡು ಉಣ್ಣುವವರೆಲ್ಲ ಒಂದು ಕುಟುಂಬ. ಒಂದೇ ಸೂರಿನಡಿ ಇದ್ದರೂ ಅಣ್ಣತಮ್ಮಂದಿರ ಅಡುಗೆ ಬೇರೆಯಾದರೆ ಎರಡು ಕುಟುಂಬ. ರಕ್ತಸಂಬಂಧವೇ ಇಲ್ಲದ ಅಡುಗೆಯಾಕೆ ಅಲ್ಲೇ ಇದ್ದು ಅಲ್ಲೇ ಉಂಡರೆ ಅವಳೂ ಆ ಕುಟುಂಬದವಳೇ. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಜಗಲಿಗಳ ಮೇಲೆ ಕೂತು ಇದನ್ನು ಕೇಳಿ ಕೇಳಿ ಬರೆದುಕೊಳ್ಳುವುದರಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠವನ್ನೂ ಹೇಳಿದೆ. ನಾನು ಯಾವ ಒಲೆಯವಳು ಎಂಬ ಪ್ರಶ್ನೆ ಮಾತ್ರ ನಿವೃತ್ತಿ ಹತ್ತಿರ ಬಂದಾಗ, ಕಚೇರಿಯ ಮೇಜಿನ ಮೇಲೆ, ಬೇರೆಯವರ ಕೈಬರಹದಲ್ಲಿ ನನ್ನೆದುರಿಗೆ ಬಂತು.

ಕೆಲಸ ಎಂಥದ್ದೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸರ್ವೆಗೆಂದು ಆರಿಸಿದ ಊರಿನಲ್ಲಿ ಅಲ್ಲಿಯ ಶಾಲೆಯ ಮೇಷ್ಟ್ರೋ ಮೇಡಮ್ಮೋ ಮನೆಮನೆಯ ಪಟ್ಟಿ ಮಾಡಿಕೊಂಡು, ಹುಟ್ಟಿದ್ದು ಸತ್ತದ್ದು ಆದ ಹಾಗೆ ಆದ ಹಾಗೆ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ನನ್ನಂಥವರು ಹೊರಗಿನಿಂದ ಹೋಗಿ, ಆ ಪುಸ್ತಕವನ್ನು ನೋಡದೆ, ಎಲ್ಲವನ್ನೂ ಹೊಸದಾಗಿ ಕೇಳುತ್ತೇವೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರು ಹುಟ್ಟಿದರು, ಯಾರು ಹೋದರು, ಯಾರು ಬಂದು ಸೇರಿದರು. ಆಮೇಲೆ ಕಚೇರಿಯಲ್ಲಿ ಮೂರನೆಯವರೊಬ್ಬರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಎರಡರಲ್ಲೂ ಇದ್ದರೆ ಸರಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮತ್ತೆ ಆ ಮನೆಗೆ ಹೋಗಬೇಕು. ಒಬ್ಬರ ಮರೆವನ್ನು ಇನ್ನೊಬ್ಬರು ಹಿಡಿಯಲಿ ಎಂಬ ಏರ್ಪಾಡು.

ಹಾಗಾಗಿ ಇಬ್ಬರೂ ಲೆಕ್ಕದ ಮಾತು ಆಡಿಕೊಳ್ಳುವಂತಿಲ್ಲ. ಜಾವಗಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಮೇಷ್ಟ್ರು ಬಹಳ ವರ್ಷ ನನ್ನ ಜೋಡಿಯಾಗಿದ್ದರು. ಊರಿನ ಪ್ರತಿಯೊಬ್ಬ ಬಸುರಿಯ ಹೆಸರೂ ಅವರಿಗೂ ಗೊತ್ತು, ನನಗೂ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮಳೆ ಬಂತಾ, ರಾಗಿ ಹೇಗಿದೆ ಎಂದಷ್ಟೇ ಮಾತಾಡಿ ಬೇರೆಬೇರೆ ಬೆಂಚಿನ ಮೇಲೆ ಕೂರುತ್ತಿದ್ದೆವು. ಕಂಡವರು ಇವರಿಬ್ಬರಿಗೆ ಏನೋ ಜಗಳ ಎಂದುಕೊಂಡಿದ್ದರಂತೆ.

ಜನ ಬೇಕೆಂದು ಸುಳ್ಳು ಹೇಳುವುದು ಕಡಿಮೆ. ಅವರ ನಿಜವೇ ನಮ್ಮ ಲೆಕ್ಕಕ್ಕೆ ಒಗ್ಗುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ಗಂಡನ ಮನೆಯಲ್ಲಿ ಕೇಳಿದರೆ "ನಮ್ಮಲ್ಲೇನೂ ಹೆರಿಗೆ ಆಗ್ಲಿಲ್ವಲ್ಲ" ಅನ್ನುತ್ತಾರೆ. ತವರಿನಲ್ಲಿ ಕೇಳಿದರೆ "ಅದು ಅವ್ರ ಮನೆ ಕೂಸು ಕಣವ್ವ, ನಮ್ದಲ್ಲ" ಅನ್ನುತ್ತಾರೆ. ಇಬ್ಬರದೂ ನಿಜ, ನಡುವೆ ಕೂಸು ಕಾಣೆ. ಹೆಸರಿಡುವ ಮೊದಲೇ ಹೋದ ಮಗುವನ್ನಂತೂ ಯಾರೂ ಎಣಿಸುವುದಿಲ್ಲ. ಅದಕ್ಕೆ "ಹುಟ್ದಾಗ ಒಂದ್ಸಲನಾದ್ರೂ ಅತ್ತಿತ್ತಾ?" ಎಂದು ಕೇಳಬೇಕು. ಹಾರನಹಳ್ಳಿಯಲ್ಲಿ ಒಬ್ಬಾಕೆ ಅಲ್ಲಿಯವರೆಗೆ ಇಲ್ಲ ಇಲ್ಲ ಎನ್ನುತ್ತಿದ್ದವಳು, ಈ ಮಾತಿಗೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಅತ್ತಿತ್ತು. ನೀವೊಬ್ರೇ ಕೇಳಿದ್ದು" ಅಂದಳು. ಅಂಥ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಯಾರ ಜೊತೆಗೂ ಮಾತು ಬೇಡ ಎನಿಸುತ್ತಿತ್ತು. ಮನೆಗೆ ಬಂದರೂ ಹೇಳಿಕೊಳ್ಳುವುದಕ್ಕೆ ಯಾರೂ ಇರಲಿಲ್ಲ, ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ನನ್ನ ಮನೆ ಅರಸೀಕೆರೆಯಲ್ಲಿ. ಮನೆಯಲ್ಲ, ಕೋಣೆ. ಅಪ್ಪನ ಕೊಬ್ಬರಿ ವ್ಯಾಪಾರ ಅಣ್ಣನಿಗೂ ತಮ್ಮನಿಗೂ ಪಾಲಾದಾಗ ಮನೆಯೂ ಎರಡಾಯಿತು. ಬಲಕ್ಕೆ ಅಣ್ಣ, ಎಡಕ್ಕೆ ತಮ್ಮ, ನಡುವಿನ ಕೋಣೆ ಅವ್ವನಿಗೆ ಮತ್ತು ನನಗೆ. ಕೋಣೆಗೆ ಬೀದಿಬಾಗಿಲಲ್ಲದೆ ಎರಡೂ ಕಡೆಗೆ ಒಂದೊಂದು ಬಾಗಿಲು. ಅವ್ವನ ಊಟ ಯುಗಾದಿಯಿಂದ ನವರಾತ್ರಿಯವರೆಗೆ ಅಣ್ಣನಲ್ಲಿ, ನವರಾತ್ರಿಯಿಂದ ಯುಗಾದಿಯವರೆಗೆ ತಮ್ಮನಲ್ಲಿ ಎಂದು ಮಠದ ಹಿರಿಯರೊಬ್ಬರ ಎದುರು ತೀರ್ಮಾನವಾಯಿತು. ಮದುವೆಯಾಗದ ಮಗಳು ಅವ್ವನ ಸರದಿಗೇ ಸೇರಿಕೊಂಡಳು. "ನಮ್ದೇನಮ್ಮ, ಕಡ ತಂದ ಎತ್ತು ಇದ್ದಂಗೆ. ಯಾರ ಹೊಲಕ್ಕಾದ್ರೂ ಸೈ" ಎಂದು ಅವ್ವ ನಗುತ್ತಿದ್ದಳು. ಅವ್ವ ಹೋದಮೇಲೂ ಸರದಿ ಹಾಗೇ ಉಳಿಯಿತು, ನನ್ನೊಬ್ಬಳಿಗಾಗಿ. ಬೇರೆ ಅಡುಗೆ ಮಾಡಿಕೊಳ್ಳುತ್ತೇನೆ ಎಂದು ನಾನು ಒಂದೆರಡು ಸಲ ಹೇಳಿದ್ದುಂಟು. ಅಣ್ಣ ಒಪ್ಪಲಿಲ್ಲ. "ಹೆಣ್ಮಗಳು ಅಣ್ತಮ್ಮಂದ್ರ ಮನೇಲಿ ಬೇರೆ ಒಲೆ ಹೂಡುದ್ರೆ ನಾವು ಮಂಡೀಲಿ ಹೆಂಗೆ ತಲೆ ಎತ್ಕಂಡು ತಿರುಗದು?" ಅಂದ. ಅವನ ಮರ್ಯಾದೆ ನನ್ನ ತಟ್ಟೆಯಲ್ಲಿ ಕೂತಿತ್ತು.

ಒಂದು ಮಾತು ಹೇಳಬೇಕು, ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ. ಅತ್ತಿಗೆಯ ಉಪ್ಸಾರು, ತಮ್ಮನ ಹೆಂಡತಿಯ ಅಕ್ಕಿರೊಟ್ಟಿ, ಎರಡಕ್ಕೂ ಹೆಸರಿಡುವಂತಿಲ್ಲ. ಸಮಸ್ಯೆ ಇದ್ದದ್ದು ಸರದಿ ಬದಲಾಗುವ ದಿನ. ಆಯುಧಪೂಜೆಯ ಊಟಕ್ಕೆ ತನ್ನ ಸರದಿ ಮುಗಿಯಿತೆಂದು ಅತ್ತಿಗೆಯ ಲೆಕ್ಕ. ವಿಜಯದಶಮಿ ಕಳೆದ ಮೇಲೆ ತನ್ನದು ಶುರುವೆಂದು ತಮ್ಮನ ಹೆಂಡತಿಯ ಲೆಕ್ಕ. ನಡುವಿನ ಆ ಒಂದು ದಿನ ಯಾರದ್ದೂ ಅಲ್ಲ. ಯುಗಾದಿಗೂ ಇದೇ ಕತೆ. ಒಂದು ವರ್ಷ ಇಬ್ಬರೂ ನಾನು ಆಚೆ ಮನೆಯಲ್ಲಿ ಉಂಡಿರಬೇಕು ಎಂದುಕೊಂಡರು. ನಾನು ಬಾಳೆಹಣ್ಣು ತಿಂದು ಮಲಗಿದೆ. ಮುಂದಿನ ವರ್ಷದಿಂದ ಆ ಎರಡು ದಿನ ನಾನು ಊರಲ್ಲೇ ಇರದಂತೆ ಟೂರ್ ಹಾಕಿಕೊಳ್ಳತೊಡಗಿದೆ. ವಿಜಯದಶಮಿಯ ದಿನ ಹಳೇಬೀಡಿನ ಹೋಟೆಲಿನಲ್ಲಿ, ಪ್ರವಾಸಕ್ಕೆ ಬಂದ ಸಂಸಾರಗಳ ಗದ್ದಲದ ನಡುವೆ, ಒಬ್ಬಳೇ ಒಂದು ಮೇಜು ಹಿಡಿದು ಅನ್ನ ಸಾರು ಉಂಡು ಕೆಲಸಕ್ಕೆ ಹೋಗುತ್ತಿದ್ದೆ. ಕಚೇರಿಯಲ್ಲಿ ಇದಕ್ಕೊಂದು ಕಾರಣವನ್ನೂ ಕಟ್ಟಿದ್ದೆ. ಹಬ್ಬದ ದಿನ ಜನ ಮನೆಯಲ್ಲೇ ಸಿಗುತ್ತಾರೆ, ಮಾಹಿತಿ ಚೆನ್ನಾಗಿ ಬರುತ್ತದೆ ಎಂದು. ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದೆ. ಅದೂ ಸುಳ್ಳೇನಲ್ಲ.

ಹೋದ ಸಲ ಹೊಸದಾಗಿ ಆರಿಸಿದ ಜಾಗಗಳಲ್ಲಿ ನಮ್ಮ ಬೀದಿಯೂ ಬಂತು. ದಸರಾ ರಜೆಯಲ್ಲಿ ಶಾಲೆಯ ಮೇಡಂ ಒಬ್ಬರು ಮನೆಪಟ್ಟಿ ಮಾಡಿದರು. ಆರು ತಿಂಗಳ ಮೇಲೆ ಹಾಸನದ ನನ್ನ ಸಹೋದ್ಯೋಗಿಯೊಬ್ಬರು ಅದೇ ಮನೆಗಳನ್ನು ಮತ್ತೆ ಕೇಳಿಕೊಂಡು ಹೋದರು. ನನ್ನ ಕೈಕೆಳಗೆ ಕಲಿತವರು ಅವರು, ಆದರೆ ನನ್ನ ಮನೆ ಯಾವುದೆಂದು ಗೊತ್ತಿರಲಿಲ್ಲ. ಎರಡು ಪಟ್ಟಿಗಳೂ ತಾಳೆಗೆಂದು ಬಂದು ಬಿದ್ದದ್ದು ನನ್ನ ಮೇಜಿಗೆ. ನಮ್ಮ ಬೀದಿ ಎಂದು ಕಂಡ ತಕ್ಷಣ ಕಟ್ಟನ್ನು ಬೇರೆಯವರಿಗೆ ದಾಟಿಸಬೇಕಿತ್ತು. ಆಸೆಯಾಯಿತು, ದಾಟಿಸಲಿಲ್ಲ. ಯಾರು ನನ್ನನ್ನು ತಮ್ಮ ಮನೆಯವಳೆಂದು ಬರೆಸಿರಬಹುದು ಎಂದು ನೋಡುವ ಆಸೆ.

ಅಣ್ಣನ ಮನೆಯ ಹಾಳೆಯಲ್ಲಿ ನಾಲ್ವರು. ತಮ್ಮನ ಮನೆಯ ಹಾಳೆಯಲ್ಲಿ ಮೂವರು. ಎರಡನೇ ಪಟ್ಟಿಯಲ್ಲೂ ಅದೇ ನಾಲ್ಕು, ಅದೇ ಮೂರು. ಎಷ್ಟು ಚೆನ್ನಾಗಿ ತಾಳೆಯಾಗಿತ್ತೆಂದರೆ ತರಬೇತಿಗೆ ಮಾದರಿಯಾಗಿ ತೋರಿಸಬಹುದಿತ್ತು. ಮೇಡಂ ಬಂದದ್ದು ವಿಜಯದಶಮಿಯ ದಿನ, ಸಹೋದ್ಯೋಗಿ ಬಂದದ್ದು ಯುಗಾದಿಯ ದಿನ. ಹಬ್ಬಕ್ಕೆ ಹೋಗಿ ಎಂದು ಹೇಳಿಕೊಟ್ಟವಳು ನಾನೇ ಅಲ್ಲವೆ? ಎರಡು ಸಲವೂ ನಾನು ಟೂರಿನಲ್ಲಿ, ಕೋಣೆಗೆ ಬೀಗ; ಈ ಮನೆಯವರು ಆ ಮನೆಯವಳೆಂದು, ಆ ಮನೆಯವರು ಈ ಮನೆಯವಳೆಂದು ಬಿಟ್ಟಿರಬೇಕು. ಒಬ್ಬರೂ ಸುಳ್ಳು ಹೇಳಲಿಲ್ಲ. ಒಂದು ಪಟ್ಟಿಯಲ್ಲಿ ಬಿಟ್ಟುಹೋದವರನ್ನು ಹಿಡಿಯಲು ನಮ್ಮಲ್ಲಿ ಉಪಾಯವಿದೆ, ಎರಡರಲ್ಲೂ ಬಿಟ್ಟುಹೋದವರನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಅಲ್ಲಿ ಕೂತು ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಹಾಸನಕ್ಕೆ ಫೋನ್ ಮಾಡಿದೆ.

"ಎಲ್ಲಾ ತಾಳೆ ಆಗಿದೆ, ಆದ್ರೂ ನಮ್ಮ ಬೀದಿಗೆ ಇನ್ನೊಂದು ಸಲ ಹೋಗಿ ಬರಬೇಕಾಗುತ್ತೆ" ಅಂದೆ.

"ಎಲ್ಲಾ ತಾಳೆ ಆಗಿದೆ ಅಂದ್ರಲ್ಲ ಮೇಡಂ? ಯಾರನ್ನ ಬಿಟ್ಟಿದೀವಿ?"

"ನನ್ನನ್ನ."

ಮನೆ ಎಲ್ಲಿ ಎಂದು ಕೇಳಿಕೊಂಡು, ಭಾನುವಾರ ಬರುತ್ತೇನೆ ಅಂದರು.

ಭಾನುವಾರ ನಾನು ನನ್ನ ಕೋಣೆಯ ಮಂಚದ ಮೇಲೆ ಕೂತಿದ್ದೆ. ಅವರು ಮೊದಲು ಬಲಗಡೆಯ ಮನೆಗೆ ಹೋದರು. ಬಾಗಿಲಿನಾಚೆ ಆಡುವ ಮಾತೆಲ್ಲ ನನಗೆ ಕೇಳುತ್ತದೆ, ಅದು ಮನೆಯವರಿಗೂ ಗೊತ್ತು. ಯುಗಾದಿ ಕಳೆದು ನನ್ನ ಊಟ ಆಗ ಅಣ್ಣನಲ್ಲೇ. ಇವಳು ನಮ್ಮವಳೇ, ಇಲ್ಲೇ ಬರ್ಕೊಳಿ ಎಂದು ಒಬ್ಬರು ಅಂದರೆ ಸಾಕು, ಉಳಿದ ಆಯುಷ್ಯಕ್ಕೆ ನನಗೆ ಬೇರೇನೂ ಬೇಡ ಎಂದುಕೊಂಡು ಸೆರಗಿನ ತುದಿಯನ್ನು ಸುತ್ತುತ್ತಾ ಕೂತಿದ್ದೆ.

ಅತ್ತಿಗೆ ಮೆಲ್ಲಗೆ ಹೇಳಿದಳು. "ಈಗ ಇಲ್ಲೇ ಉಣ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ಮನೆಯವ್ಳು ಅಂತ ಬರ್ಕೊಳೋದಾದ್ರೆ ಆಚೆ ಮನೆಯವ್ರನ್ನೂ ಒಂದ್ಮಾತು ಕೇಳ್ಬಿಡಿ. ಬರೆದಿದ್ದು ಬರೆದಂಗೇ ಉಳ್ಕೊಳುತ್ತೆ ನೋಡಿ. ರಿಟೈರಾಗೋ ವಯಸ್ಸು ಬೇರೆ."

ಅಣ್ಣ ಅಲ್ಲೇ ಇದ್ದ. ಕೆಮ್ಮಿದ, ಅಷ್ಟೆ.

ಎಡಗಡೆಯ ಮನೆಯಲ್ಲಿ ತಮ್ಮನ ಹೆಂಡತಿ, "ಅಯ್ಯೋ, ಅಕ್ಕ ನಮಗೆ ಬ್ಯಾರೆಯವ್ರಾ? ಆದ್ರೆ ದೊಡ್ಡವ್ರು ಇರೋವಾಗ ನಾವು ಮುಂದಾಗಿ ಬರೆಸ್ಕೊಂಡ್ರೆ ತಪ್ಪಾಗುತ್ತೆ ಕಣ್ರೀ" ಅಂದಳು. ಮಾತು ಬೆಣ್ಣೆಯ ಹಾಗಿತ್ತು. ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಅವರ ಕಷ್ಟವೂ ಅರ್ಥವಾಯಿತು. ಹಾಳೆಯ ಮೇಲೆ ನನ್ನ ಹೆಸರಿನ ಜೊತೆಗೆ ನನ್ನ ಮುಪ್ಪು, ನನ್ನ ಕಾಯಿಲೆ, ಕೊನೆಗೆ ನನ್ನ ಹೆಣ, ಎಲ್ಲಾ ಬರುತ್ತಿತ್ತಲ್ಲ.

ಸಹೋದ್ಯೋಗಿ ನನ್ನ ಕೋಣೆಗೆ ಬಂದು ಬಾಗಿಲ ಬಳಿಯೇ ನಿಂತರು. "ಮೇಡಂ, ರೂಲ್ ಪ್ರಕಾರ ಈಗ ಎಲ್ಲಿ ಊಟಾನೋ ಅಲ್ಲಿಗೆ ಬರೆಯೋದು. ಅಣ್ಣಾವ್ರ ಮನೆಗೆ ಬರೆದುಬಿಡ್ತೀನಿ. ಅವರೇನೂ ಬೇಡ ಅನ್ನಲಿಲ್ಲ."

"ಬೇಡ" ಎಂದೆ ನಾನು. "ಮುಂದಿನ ಭಾನುವಾರ ಬನ್ನಿ. ನಂದೇ ಒಂದು ಒಲೆ ಇರುತ್ತೆ."

ಅದು ನನ್ನ ಜಂಬ. ಯಾರ ಬಾಯಿಂದಲೂ ಬಾರದ ಮಾತನ್ನು ರೂಲಿನ ಬಲದಿಂದ ಬರೆಸಿಕೊಳ್ಳುವುದು ನನ್ನಿಂದಾಗಲಿಲ್ಲ. ಮರುದಿನ ಪೇಟೆಯಲ್ಲಿ ಒಂದು ಕರೆಂಟ್ ಒಲೆ, ಎರಡು ಪಾತ್ರೆ, ಒಂದು ಸೌಟು ತಂದೆ. ಆಟೋದಿಂದ ಇಳಿಸುವಾಗ ಅಣ್ಣ ಜಗಲಿಯ ಮೇಲಿದ್ದ. "ನಿಂಗೇನ್ ಕಮ್ಮಿ ಆಗಿತ್ತೇ? ಊರವ್ರ ಬಾಯಿಗೆ ನಮ್ಮನ್ನ ಹಾಕ್ತೀಯಲ್ಲ" ಅಂದ. "ಕಮ್ಮಿ ಏನೂ ಇಲ್ಲ ಕಣಣ್ಣ. ಲೆಕ್ಕಕ್ಕೆ ಸಿಗಬೇಕಿತ್ತು, ಅಷ್ಟೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅಂದಿನಿಂದ ಮಾತು ಬಿಟ್ಟ. ಆದರೂ ಎರಡು ದಿನದ ಮೇಲೆ ನಾಲ್ಕು ತೆಂಗಿನಕಾಯಿ ಸುಲಿದು ನನ್ನ ಹೊಸ್ತಿಲ ಹತ್ತಿರ ಇಟ್ಟುಹೋಗಿದ್ದ. ಅದನ್ನು ನೋಡಿ, ಒಲೆ ತಂದಿದ್ದು ತಪ್ಪಾಯಿತೇನೋ ಎಂದು ಒಂದು ಗಳಿಗೆ ಅನಿಸಿತು. ಆ ವಾರದಲ್ಲೇ ಎರಡೂ ಕಡೆಯ ಬಾಗಿಲುಗಳಿಗೆ ಆಚೆಯಿಂದ ಚಿಲಕ ಬಿತ್ತು. ಜೋರಾಗಿ ಏನೂ ಅಲ್ಲ, ನನಗೆ ಕೇಳಿಸದಿರಲಿ ಎಂಬಂತೆ ನಿಧಾನವಾಗಿ ಹಾಕಿದರು.

ಭಾನುವಾರ ಬೆಳಿಗ್ಗೆ ಅನ್ನ ಮಾಡಿ ಸೊಪ್ಪಿನ ಸಾರು ಕುದಿಸಿದೆ. ಒಬ್ಬರಿಗೆ ಅಕ್ಕಿ ಎಷ್ಟು ಹಾಕಬೇಕೆಂಬುದು ಅಷ್ಟು ದಿನವಾದರೂ ಕೈಗೆ ಹತ್ತಿರಲಿಲ್ಲ, ಮೂವರಿಗಾಗುವಷ್ಟು ಆಯಿತು. ಸಹೋದ್ಯೋಗಿಗೆ ಬಲವಂತ ಮಾಡಿ ಬಡಿಸಿದೆ. ಅವರು ಉಂಡು ಕೈತೊಳೆದು, ಹೊಸ ಹಾಳೆ ತೆಗೆದು, ಕಲಿಸಿದ ಕ್ರಮದಲ್ಲೇ ಕೇಳತೊಡಗಿದರು. ನಾನೂ ಗೊತ್ತಿಲ್ಲದವಳ ಹಾಗೆ ಉತ್ತರ ಹೇಳಿದೆ.

"ಈ ಕುಟುಂಬದ ಮುಖ್ಯಸ್ಥರು ಯಾರು?"

"ನಾನೇ."

"ಮದುವೆ?"

"ಆಗಿಲ್ಲ."

"ಒಟ್ಟು ಎಷ್ಟು ಜನ ಮೇಡಂ?"

"ಒಂದು."

ಹತ್ತು ಸಾಲಿನ ಹಾಳೆ ಅದು. ಮೊದಲನೆಯ ಸಾಲಿನಲ್ಲಿ ನನ್ನ ಹೆಸರು, ವಯಸ್ಸು, ಮುಖ್ಯಸ್ಥರೊಂದಿಗಿನ ಸಂಬಂಧ ಎಂಬ ಕಡೆ "ಸ್ವತಃ" ಎಂದು ಬರೆದು ಅವರು ಪೆನ್ನನ್ನು ಅಲ್ಲೇ ಹಿಡಿದು ಕೂತರು. ಉಳಿದ ಸಾಲುಗಳಿಗೆ ಅಡ್ಡಗೆರೆ ಎಳೆಯಬೇಕು, ಆಮೇಲೆ ಯಾರೂ ಹೆಸರು ಸೇರಿಸಬಾರದೆಂದು. ಎಳೆಯದಿದ್ದರೆ ಕಚೇರಿಯಲ್ಲಿ ಹಾಳೆಯನ್ನು ತೆಗೆದುಕೊಳ್ಳುವುದಿಲ್ಲ.

"ಇರಲಿ ಬಿಡಿ ಮೇಡಂ" ಅಂದರು, ಹಾಳೆಯಿಂದ ಕಣ್ಣೆತ್ತದೆ.

"ಇರಲಿ ಅಂತ ಬಿಡೋಕೆ ಬರಲ್ಲ" ಎಂದೆ. ಪೆನ್ನು ಇಸಿದುಕೊಂಡು, ಖಾಲಿ ಇದ್ದ ಒಂಬತ್ತು ಸಾಲುಗಳ ಮೇಲೆ ಗೆರೆಯನ್ನು ನಾನೇ ಎಳೆದೆ. ನೆಟ್ಟಗೆ ಬರಲಿಲ್ಲ. ಹಾಗೇ ಕಳಿಸಿ ಎಂದೆ.