ಒಳಹೊಲಿಗೆಯ ಎರಡು ಬೆರಳು

ಗಡಿಯಾಚೆಯ ಉಟಗಿಯಲ್ಲಿ ಎಸ್‌ಟಿ ಬಸ್ಸು ನಿಲ್ಲುವ ಕಡೆ ಅಲ್ಲಾಉದ್ದೀನನ ಹೊಲಿಗೆ ಅಂಗಡಿ. ನಾನು ಅಲ್ಲಿನ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದದ್ದು ತೊಂಬತ್ತೊಂದರಲ್ಲಿ. ಅಂದಿನಿಂದ ನನ್ನ ಪ್ಯಾಂಟುಗಳೆಲ್ಲ ಅವನ ಕೈಯವೇ. ಮನುಷ್ಯನಿಗೆ ಮಾತು ಕಡಿಮೆ. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡವನು ಎಷ್ಟಂತ ಮಾತಾಡಿಯಾನು?

ಯಾರ ಬಟ್ಟೆಯೇ ಇರಲಿ, ಒಳಹೊಲಿಗೆಯಲ್ಲಿ ಎರಡು ಬೆರಳಗಲ ಹೆಚ್ಚಿನ ಅರಿವಿ ಬಿಡುತ್ತಿದ್ದ. ಮೈ ಬಂದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಲು. ಇಷ್ಟು ಎಲ್ಲ ದರ್ಜಿಗಳೂ ಮಾಡುತ್ತಾರೆ. ಇವನು ಹೇಳದೆ ಮಾಡುತ್ತಿದ್ದ. ಗುಂಡಿ ಹಚ್ಚಲೆಂದು ಕೊಟ್ಟ ಪ್ಯಾಂಟು ಒಂದಿಂಚು ಸಡಿಲವಾಗಿ ವಾಪಸು ಬರುತ್ತಿತ್ತು.

"ಹೊಟ್ಟಿ ಬಂದೈತಿ ಅಂತ ಮಂದಿ ಮುಂದ ಯಾಕ ಅನ್ನೂದರಿ, ಮಾಸ್ತರ?" ಎನ್ನುತ್ತಿದ್ದ.

ದೊಡ್ಡ ಮರ್ಯಾದಸ್ಥ! ಹತ್ತು ವರ್ಷದಲ್ಲಿ ನನ್ನ ನಡು ಮೂವತ್ತರಿಂದ ಮೂವತ್ತೇಳಕ್ಕೆ ಹೋದದ್ದು ಅವನ ಅಳತೆ ವಹಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆ ವಹಿಯಲ್ಲಿ ಅವನ ಹೆಂಡತಿ ಹುಸ್ನಾಳ ಹೆಸರು ಮಾತ್ರ ಇರಲಿಲ್ಲ. ಆಕೆಯ ಜಂಪರಿನ ಅಳತೆ ಅವನ ಕೈಗೇ ಗೊತ್ತಿತ್ತು. ಮಗಳು ನಾಹಿದ ಹುಟ್ಟಿದ ಮೇಲೆ ಹುಸ್ನಾ ದಪ್ಪಗಾದಳು, ಅದೂ ನಡುವಿನ ಸುತ್ತಲೇ. ಕುತ್ತಿಗೆಯ ಹಿಂದೆ ಕರಿ ಪಟ್ಟಿಯೊಂದು ಮೂಡಿತು, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ ಎಂದು ಮುಂದೆ ಅವನೇ ಹೇಳಿದ. ಕಡಲೆಹಿಟ್ಟು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಇವನು ಜಂಪರಿನ ಹಿಂದಿನ ಕೊರಳನ್ನು ಮೇಲಕ್ಕೆ ಏರಿಸಿ ಹೊಲಿದ. ಮಗ್ಗುಲಿನ ಹೊಲಿಗೆ ಬಿಚ್ಚುತ್ತ ಹೋದ. ಬಟ್ಟೆ ಬಿಗಿಯಾಯಿತೆಂದು ಹುಸ್ನಾ ಒಮ್ಮೆಯೂ ಅನ್ನಲಿಲ್ಲ, ಅನ್ನುವ ಪ್ರಸಂಗವನ್ನೇ ಅವನು ಬರಗೊಡಲಿಲ್ಲ.

ಎರಡು ಸಾವಿರದ ಒಂದರಲ್ಲಿ ಆಕೆಯ ಕಾಲಿನ ಹುಣ್ಣು ಮಾಯಲಿಲ್ಲವೆಂದು ಮಿರಜಿನ ಆಸ್ಪತ್ರೆಗೆ ಒಯ್ದರು. ಸಕ್ಕರೆ ಕಾಯಿಲೆ ಆಗಲೇ ಹಳೆಯದಾಗಿತ್ತು, ನಂಜು ಮೈಗೆಲ್ಲ ಏರಿತ್ತು. ಮೂರು ವಾರದಲ್ಲಿ ತೀರಿಕೊಂಡಳು.

ಎರಡು ಸಾವಿರದ ನಾಲ್ಕರಲ್ಲಿ ನಮ್ಮ ತಾಲೂಕಿನ ಊರು ಜತ್ತಿನಲ್ಲಿ ಆರೋಗ್ಯ ಶಿಬಿರವೊಂದು ನಡೆಯಿತು. ನನಗೆ ತಲೆಸುತ್ತು. ಜೊತೆಗಿರಲೆಂದು ಅಲ್ಲಾಉದ್ದೀನನನ್ನೂ ಜೀಪು ಹತ್ತಿಸಿದೆ. ಅಲ್ಲಿದ್ದ ಡಾಕ್ಟರು ವಿಜಯಶ್ರೀ ಎಂಬಾಕೆ ಮೊದಲು ಕೈಗೆತ್ತಿಕೊಂಡದ್ದು ಒಂದು ದಾರ. ನನ್ನನ್ನು ಗೋಡೆಗೆ ನಿಲ್ಲಿಸಿ ತಲೆಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿದರು. ಅದನ್ನು ಎರಡು ಮಡಿಕೆ ಮಾಡಿ ನನ್ನ ಹೊಟ್ಟೆಗೆ ಸುತ್ತಿದರು. ತುದಿಗೆ ತುದಿ ಕೂಡಲಿಲ್ಲ.

"ಎತ್ತರದ ಅರ್ಧಕ್ಕಿಂತ ನಡಾ ದಪ್ಪ ಆಗಬಾರದರಿ. ಆದ್ರ ಒಳಗ ಇನ್ಸುಲಿನ್ನಿನ ಮಾತು ಮೈ ಕೇಳವಲ್ದು ಅಂತ ಸಂಶಯ. ಕುತ್ತಿಗಿ ಕಪ್ಪಾಗೂದೂ ಅದರದ ಗುರ್ತು ಇರಬಹುದು. ಅದು ಹೊಲಸಲ್ಲ, ತಿಕ್ಕಿದ್ರ ಹೋಗೂದಿಲ್ಲ. ಸಕ್ಕರಿ ಕಾಯಿಲೆಗೂ ಎಷ್ಟೋ ವರ್ಷ ಮೊದಲ ಇವು ಕಾಣತಾವು. ಕಂಡ ಕೂಡ್ಲೆ ರಕ್ತ ತಪಾಸ ಮಾಡಸಬೇಕರಿ."

ಬೆಂಚಿನ ಮೇಲಿದ್ದ ಅಲ್ಲಾಉದ್ದೀನ ಎದ್ದು ನಿಂತ. ಅವನ ಪಾಳಿ ಇನ್ನೂ ಬಂದಿರಲಿಲ್ಲ.

"ಈ ಗುರ್ತು ನನಗ ಹತ್ತು ವರ್ಷ ಕಂಡಾವರಿ, ಮ್ಯಾಡಮ್. ಮುಚ್ಚಿ ಮುಚ್ಚಿ ಹೊಲದೀನಿ," ಎಂದ.

ಮರುದಿನ ನಾಹಿದಳನ್ನು ಗೋಡೆಗೆ ನಿಲ್ಲಿಸಿದ. ಆಕೆಗೆ ಆಗ ಹತ್ತೊಂಬತ್ತು. ಮಡಿಚಿದ ದಾರ ನಾಲ್ಕು ಬೆರಳು ಸಾಲಲಿಲ್ಲ. ಕುತ್ತಿಗೆ ನೋಡುವ ಅಗತ್ಯ ಇರಲಿಲ್ಲ, ಕುರ್ತಾಕ್ಕೆ ಎತ್ತರದ ಕಾಲರು ಇಟ್ಟುಕೊಟ್ಟವನು ಅವನೇ. ರಕ್ತ ತಪಾಸಣೆಗೆ ಜತ್ತಿಗೆ ಹೋಗೋಣ ಎಂದರೆ ಹುಡುಗಿ ಸಿಡಿದಳು.

"ಮದವಿ ಗಟ್ಟಿ ಆಗೇತಿ. ಈಗ ರೋಗಿಷ್ಟಿ ಅಂತ ನನಗ ಹೆಸರು ತರತಿ ಏನ?"

ಸೊರಡಿಯ ಅಸ್ಲಮನೊಂದಿಗೆ ಮದುವೆ ನಿಶ್ಚಯವಾಗಿತ್ತು. ಅಲ್ಲಾಉದ್ದೀನ ಒತ್ತಾಯ ಮಾಡಲಿಲ್ಲ. ಹೆಂಡತಿಯ ಗತಿ ಕಣ್ಣಾರೆ ಕಂಡೂ ಸುಮ್ಮನಿದ್ದಾನಲ್ಲ ಎಂದು ನನಗೆ ಸಿಟ್ಟು ಬಂತು. ಮಗಳನ್ನು ಗದರಿಸಿ ಕರೆದೊಯ್ಯಬಾರದೇನು ಎಂದು ಬೈದೆ. ಅವನು ಸೂಜಿಗೆ ದಾರ ಪೋಣಿಸುತ್ತ ಕುಳಿತ. ಮದುವೆಗೆ ಆರು ಜೊತೆ ಬಟ್ಟೆಯನ್ನು ತಾನೇ ಹೊಲಿದು ಕೊಟ್ಟ.

ಮೂರು ವರ್ಷದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ನಾನು ಪ್ಯಾಂಟು ಸಡಿಲ ಮಾಡಿಸಲು ಅಂಗಡಿಗೆ ಹೋಗಿದ್ದೆ. ಶಿಬಿರದ ಮಾತು ನಾನೂ ಪಾಲಿಸಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಚೀಲ ಬಿಚ್ಚುವುದರೊಳಗೆ ಸೊರಡಿಯಿಂದ ನಾಹಿದ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು.

"ಅಬ್ಬಾ, ಆರೂ ಬಿಗಿ ಆಗ್ಯಾವ. ಲಗೂನ ಬಿಚ್ಚಿ ಕೊಡು."

ಅವನು ಮಿಶನ್ನು ನಿಲ್ಲಿಸಿದ, ಬಟ್ಟೆ ಮುಟ್ಟಲಿಲ್ಲ. ಆಕೆಯೇ ಬ್ಲೇಡು ತಗೊಂಡು ಒಂದು ಕುರ್ತಾವನ್ನು ಒಳಮೈ ಹೊರಗೆ ಮಾಡಿದಳು. ಹೊಲಿಗೆಯ ಪಕ್ಕದಲ್ಲಿ ಅರಿವಿಯೇ ಇರಲಿಲ್ಲ. ಎರಡನೆಯದನ್ನು ತಿರುವಿದಳು. ಮೂರನೆಯದನ್ನು ತಿರುವಿದಳು. ದರ್ಜಿಯ ಮಗಳು, ಗೊತ್ತಾಗದೇನು?

"ಅರಿವಿ ಬಿಡೂದ ಮರ್ತಿದ್ದಿ ಏನ, ಅಬ್ಬಾ?"

"ಮರ್ತಿರಲಿಲ್ಲ. ನಿಮ್ಮ ಅಮ್ಮಿಗೆ ಬಿಟ್ಟಿದ್ದೆ."

ನಾಹಿದ ಬ್ಲೇಡು ಕೆಳಗಿಟ್ಟಳು. ಬಟ್ಟೆಗಳನ್ನು ಮತ್ತೆ ಗಂಟು ಕಟ್ಟಿದಳು. ಆಮೇಲೆ ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದಳು, "ಜತ್ತದ ಗಾಡಿ ಎಷ್ಟಕ್ಕ ಐತರಿ, ಮಾಸ್ತರ?"

ಹತ್ತೂವರೆಗೆ ಎಂದೆ. ಪ್ಯಾಂಟನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅಲ್ಲಾಉದ್ದೀನ ಅಂಗಡಿಗೆ ಬೀಗ ಹಾಕಿದ. ಮೂರು ಟಿಕೀಟು ನಾನೇ ತೆಗೆಸಿದೆ.